ಒದ್ದೆಗಾಲಿನ ಅಳತೆ

ದೋಣಿಮಲೈ, 9-8-1984

ಸೊಸೆ ಚಿ. ಸೌ. ಉಚ್ಚೆಂಗಮ್ಮನಿಗೆ ಮಾವನ ಆಶೀರ್ವಾದ. ಮಗ ಗಾಳೆಪ್ಪ, ಮೊಮ್ಮಗಳು ಹೊಳೆಮ್ಮ ಹುಷಾರಾಗಿದ್ದಾರೆಯೇ? ನಿನ್ನ ಕಾಲುನೋವು ಹೇಗಿದೆ?

ಇಲ್ಲಿ ಮಗಳ ಪಕ್ಕದ ಮನೆಯ ಇಂಜಿನಿಯರು ಚಪ್ಪಲಿಯೊಳಗಿಡುವ ಮೆತ್ತೆ ಮಾಡುತ್ತಾರೆ. ಒದ್ದೆಗಾಲಿನ ಗುರುತು ನೋಡಿ, ತೆಳು ಚರ್ಮದ ಪದರ ಒಂದೊಂದೇ ಸೇರಿಸಿ, ನಡೆಸಿ, ನೋವು ಕೇಳಿ, ಮತ್ತೆ ಬದಲಿಸುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ನಿನ್ನ ಸುದ್ದಿ ಹೇಳಿದೆ. "ಯಜಮಾನ್ರ, ಎತ್ತಿಗೆ ಅಳತಿ ನೋಡಿ ಲಾಳ ಹೊಡಸ್ತೀರಿ, ಸೊಸಿ ಕಾಲು ಒಮ್ಮೆರ ನೋಡೀರೇನು?" ಅಂದರು. ನಾಟಿ ಹೊತ್ತಿನಲ್ಲಿ ನೀನು ಬದುವಿನ ಮೇಲೆ ಕುಳಿತಾಗ ಎಲ್ಲರೆದುರು ಮೈಗಳ್ಳಿ ಎಂದುಬಿಟ್ಟೆ. ತಪ್ಪಾಯಿತು ತಾಯಿ.

ನನ್ನ ಕೆಮ್ಮು ಕಡಿಮೆಯಾಗಿದೆ. ಒದ್ದೆಗಾಲನ್ನು ಹಾಳೆಯ ಮೇಲೆ ಊರಿ, ಗುರುತಿನ ಸುತ್ತ ಪೆನ್ಸಿಲ್ ಎಳೆದು, ನೋಯುವ ಕಡೆ ಚುಕ್ಕೆಯಿಟ್ಟು ಕಳಿಸು. ಜೊತೆಗೆ ನಾಲ್ಕು ಸಾಲು, ಬೈದಾದರೂ ಸರಿ, ಜಲ್ದಿ ಬರೆ.

ತಾಯಪ್ಪ