ಸ್ವಲ್ಪ ಕಮೀ ಮಾಡ್ರಿ, ಕಾಕು

ಅಂಕಲಿ
೧೯ ಫೆಬ್ರುವರಿ ೨೦೨೫

ಪ್ರೀತಿಯ ಮನೀಷಾ,

ಕೊಲ್ಲಾಪುರದಲ್ಲಿ ನೀನು ಆರಾಮಾಗಿದ್ದೀಯ ಎಂದುಕೊಂಡಿದ್ದೇನೆ. ಫೋನು ಇರುವಾಗ ಅವ್ವ ಯಾಕೆ ಕಾಗದ ಬರೆದಳು ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನನ್ನ ದನಿ ಏರುತ್ತದೆ. ಏರಿದ ಕೂಡಲೇ ನೀನು, "ಮತ್ತ ನಾಟಕ ಚಾಲೂ ಮಾಡಿದೇನವ್ವಾ" ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ನನ್ನ ದನಿ ನಿನಗೆ ಕೇಳಿಸುವುದಿಲ್ಲ. ಅದಕ್ಕೇ ಪೂರ್ತಿ ಓದು.

ನಿನ್ನೆ ಚಹಾಪುಡಿ ತರಲು ಮುರಗೆಪ್ಪನ ಅಂಗಡಿಗೆ ಹೋಗಿದ್ದೆ. ಅವನು ತನ್ನ ಫೋನನ್ನು ನನ್ನ ಮುಂದೆ ಹಿಡಿದು, "ಅಕ್ಕಾರ, ಇದು ನೀವ ಹೌದಲ್ರಿ?" ಎಂದ. ನಾನೇ. ನಿಮ್ಮ ಸಿನಿಮಾದ ಶೂಟಿಂಗಿನಲ್ಲಿ ಮೊದಲ ಸಲ ಎದೆ ಬಡಿದುಕೊಂಡು ಅತ್ತೆನಲ್ಲ, ಅದು. ನಿಮ್ಮವರೇ ಯಾರೋ ಮೊಬೈಲಿನಲ್ಲಿ ತೆಗೆದು, ಮೇಲೆ 'ಓವರ್ ಆಕ್ಟಿಂಗ್ ರಾಣಿ' ಎಂದು ಬರೆದು ಬಿಟ್ಟಿದ್ದಾರೆ. ಕೆಳಗೆ ನಗುವ ಮುಖಗಳು. ಯಾರು ಯಾರು ನಕ್ಕಿದ್ದಾರೆ ಎಂದು ಮುರಗೆಪ್ಪ ಒತ್ತಿ ತೋರಿಸಿದ. ಪಾಪ, ನಾನು ಖುಷಿಪಡುತ್ತೇನೆ ಎಂದುಕೊಂಡಿದ್ದ. ಆ ಹೆಸರುಗಳಲ್ಲಿ ನಿನ್ನ ಹೆಸರೂ ಇತ್ತು. ಚಹಾಪುಡಿ ಅಲ್ಲೇ ಬಿಟ್ಟು ಬಂದೆ.

ಆ ಪಾರ್ಟು ನಾನಾಗಿ ಕೇಳಿದ್ದಲ್ಲ. "ಸುಜಯ ಸರ್ ಸಣ್ಣ ಸಿನಿಮಾ ತಗಿಯಾಕತ್ತಾರ, ನಾನೂ ಅವರ ಕೈಕೆಳಗ ಅದೀನಿ. ಮಗ ಸತ್ತ ಸುದ್ದಿ ಕೇಳೋ ತಾಯಿ ಪಾರ್ಟ್ ಐತಿ, ನಿನ್ನ ಬಿಟ್ರ ಯಾರು ಮಾಡ್ತಾರ ಹೇಳು" ಎಂದು ಕರೆದವಳು ನೀನು. ನಾಟಕಕ್ಕೆ ಬಣ್ಣ ಹಚ್ಚುವುದನ್ನು ಬಿಟ್ಟು ಹದಿಮೂರು ವರ್ಷವಾಗಿದ್ದರೂ ನಾನು ಒಲ್ಲೆ ಎನ್ನಲಿಲ್ಲ. ಎರಡು ದಿನದಲ್ಲಿ ಮಾತೆಲ್ಲ ಬಾಯಿಪಾಠ ಮಾಡಿದೆ.

ಶೂಟಿಂಗಿನ ದಿನ ನಮ್ಮ ಓಣಿಯ ಅಕ್ಕವ್ವನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದೆ. ಪಕ್ಕದ ಮನೆಯವಳು ಬಂದು ಸುದ್ದಿ ಹೇಳಬೇಕು. ಹೇಳಿದಳು. ನಾನು ಮೊರ ಎಸೆದು, ಎದೆ ಬಡಿದುಕೊಂಡು, ಅವಳ ಕಾಲಿಗೆ ಬಿದ್ದು ಅತ್ತೆ. ಕ್ಯಾಮೆರಾದ ಹಿಂದೆ ಯಾರೋ ಕಿಸಕ್ಕೆಂದರು. ಸುಜಯ ಬಂದು, ಚಿಕ್ಕಮ್ಮನಿಗೆ ಹೇಳಿದ ಹಾಗೆ, "ಸ್ವಲ್ಪ ಕಮೀ ಮಾಡ್ರಿ, ಕಾಕು" ಎಂದ. ಎರಡನೆಯ ಸಲ ಎದೆ ಬಡಿದುಕೊಳ್ಳುವುದನ್ನು ಬಿಟ್ಟೆ. "ಇನ್ನೂ ಕಮೀ." ಮೂರನೆಯ ಸಲ ದನಿ ಇಳಿಸಿದೆ. "ಇದು ಇನ್ನೂ ಮೆಲೋಡ್ರಾಮಾನ ಆಗಾಕತ್ತೈತಿ ಕಾಕು, ನಂಗ ಸಟಲ್ ಬೇಕು" ಎಂದ. ಸಟಲ್ ಎಂದರೆ ಏನು ಎಂದು ನಾನು ನಿನ್ನನ್ನು ಕೇಳಿದೆ. ನೀನು ಅವನ ಕಡೆ ತಿರುಗಿ, "ನಮ್ಮವ್ವಂದು ಹಳ್ಳಿ ನಾಟಕದ ರೂಢಿ ಸರ್, ನಾ ಸರಿ ಮಾಡ್ತೀನಿ" ಎಂದು ಹೇಳಿದೆ.

ನಾನು ಕೆಟ್ಟುಹೋದ ಮಿಕ್ಸರ್ ಏನು, ನೀನು ಸರಿ ಮಾಡಲಿಕ್ಕೆ?

ನಮ್ಮ ಕಾಲದಲ್ಲಿ ಇದ್ದ ಮಾತು ಬೇರೆ. ಪಾರ್ಟು ಚೆನ್ನಾಗಿ ಆದರೆ 'ಜೋರಾತು' ಅನ್ನುತ್ತಿದ್ದರು, 'ಸ್ಟೇಜ್ ತುಂಬಿದಳು' ಅನ್ನುತ್ತಿದ್ದರು. ಕೆಟ್ಟರೆ ಒಂದೇ ಮಾತು, 'ಸಪ್ಪಗಾತು'. ಆ ಮಾತಿಗೆ ಹೆದರಿ ನಾವು ಜ್ವರ ಬಂದರೂ ದನಿ ಇಳಿಸುತ್ತಿರಲಿಲ್ಲ. ಈಗ ನಿಮ್ಮಲ್ಲಿ ಜೋರು ಎನ್ನುವುದು ಬೈಗುಳವಾಗಿದೆ. ಸಟಲ್ ಎಂದು ನೀವು ಅಂದಾಗಲೆಲ್ಲ ನನಗೆ ಸಪ್ಪ ಎಂದೇ ಕೇಳಿಸುತ್ತದೆ.

ಜುಗೂಳದಲ್ಲಿ ಒಮ್ಮೆ ಎರಡನೆಯ ಅಂಕಕ್ಕೆ ಮೈಕು ನಿಂತಿತು. ಹೊಳೆಯಾಚೆಯ ಮರಾಠಿ ಊರುಗಳಿಂದಲೂ ಜನ ಬಂದು ಕೂತಿದ್ದರು. ಉಳಿದ ನಾಟಕವನ್ನೆಲ್ಲ ನಾನು ಬರೀ ಗಂಟಲಿನಿಂದ ದಾಟಿಸಿದೆ. ಮುಗಿದ ಮೇಲೆ ಕಟ್ಟಕಡೆಯಲ್ಲಿ ಕೂತಿದ್ದ ತಾರವ್ವ ಎಂಬ ಮುದುಕಿ ಬಂದು ನನ್ನ ಗಲ್ಲ ಹಿಡಿದು, "ಕಣ್ಣು ಕಾಣಂಗಿಲ್ಲ ತಂಗಿ ನನಗ, ಆದ್ರ ನೀ ಅತ್ತಿದ್ದು ಕಂಡ್ತು" ಎಂದಳು. ಅವಳಿಗೆ ಕಾಣುವ ಹಾಗೆ ಅಳಬೇಕಾದರೆ ಎಷ್ಟು ಅಳಬೇಕು, ಲೆಕ್ಕ ಹಾಕು. ನಿಮ್ಮ ಕ್ಯಾಮೆರಾ ಮೊಳದಷ್ಟು ದೂರದಲ್ಲಿರುತ್ತದೆ. ಅದಕ್ಕೆ ಬೇರೆ ಅಳತೆ ಬೇಕು ಎಂದು ಒಂದು ಮಾತು ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ? ಯಾರೂ ಹೇಳಲಿಲ್ಲ. ಕಮೀ, ಕಮೀ ಎಂದಷ್ಟೇ ಅಂದಿರಿ.

ನಾಲ್ಕನೆಯ ಸಲ ನಾನು ಎದ್ದು ಬಾಗಿಲಿಗೆ ಒರಗಿ ನಿಂತೆ. ಮಾತಾಡಲಿಲ್ಲ, ಅಳಲಿಲ್ಲ. ಸುಜಯ ಕೈ ಮುಗಿದು, "ಎಷ್ಟು ನ್ಯಾಚುರಲ್ ಕಾಕು, ಇದ ಬೇಕಾಗಿತ್ತು ನಂಗ" ಎಂದ. ನೀನು ಓಡಿ ಬಂದು ತಬ್ಬಿಕೊಂಡು, "ಕಡೀಕೂ ಆಕ್ಟಿಂಗ್ ಬಿಟ್ಟಿ ನೋಡವ್ವಾ" ಎಂದು ಹೇಳಿದೆ. ನಾನು ನಕ್ಕೆ. ಮೂವತ್ತು ವರ್ಷ ಮಾಡಿದ ಕೆಲಸವನ್ನು ಬಿಟ್ಟದ್ದಕ್ಕೆ ಮಗಳು ಶಾಬಾಸ್ ಅಂದರೆ ಇನ್ನೇನು ಮಾಡಬೇಕು?

ಮುಂದಿನ ತಿಂಗಳು ಕೊಲ್ಲಾಪುರದಲ್ಲಿ ಸಿನಿಮಾ ತೋರಿಸುವಾಗ ಬಾ ಎಂದಿದ್ದೀಯ. ಚಿಕ್ಕೋಡಿಯಿಂದ ಬಸ್ಸಿದೆ, ಬರುವುದು ಕಷ್ಟವಲ್ಲ. ಆದರೆ ಮೊದಲು ಆ ವಿಡಿಯೋ ವಿಷಯ. ತೆಗೆಸಲು ಆದರೆ ತೆಗೆಸು. ಆಗದಿದ್ದರೆ ನಿನ್ನ ನಗು ಒಂದನ್ನು ಅಲ್ಲಿಂದ ತೆಗೆ. ಉಳಿದವರು ನಗಲಿ, ಅವರು ನನ್ನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಅವ್ವ,
ಸುಂದರಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಾಲ್ಕನೆಯ ಸಲ ನಾನು ಆಕ್ಟಿಂಗ್ ಬಿಟ್ಟಿರಲಿಲ್ಲ. ನಾನು ನಿನ್ನ ಪಾರ್ಟ್ ಮಾಡಿದೆ. ನಿಮ್ಮಪ್ಪನನ್ನು ಅಂಗಳದಲ್ಲಿ ಮಲಗಿಸಿದ ದಿನ ನಾನು ಊರಿಗೆಲ್ಲ ಕೇಳುವಂತೆ ಅಳುತ್ತಿದ್ದೆ. ನೀನು ಬಾಗಿಲಿಗೆ ಒರಗಿ, ಕೆಳತುಟಿ ಒಳಗೆಳೆದುಕೊಂಡು, ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದೆ. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅಪ್ಪ ಸತ್ತದ್ದು ಇವಳಿಗೆ ತಾಗಲೇ ಇಲ್ಲ ಎಂದು ಆರು ವರ್ಷ ನಿನ್ನ ಮೇಲೆ ಒಳಗೊಳಗೇ ಸಿಟ್ಟಿತ್ತು. ಅವರು ಸಟಲ್ ಎಂದಾಗ ನೆನಪಾದದ್ದು ಅದೊಂದೇ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಹಾಗೆಯೇ ನಿಂತೆ. ಎರಡು ನಿಮಿಷ ನಿಲ್ಲುವಷ್ಟರಲ್ಲಿ ನನಗೆ ಉಸಿರು ಕಟ್ಟಿತು, ಮನೀಷಾ. ನೀನು ಅವತ್ತು ಇಡೀ ದಿನ ನಿಂತಿದ್ದೆ.