ಎಲ್ಲರಿಗೂ ಅಳಿಸುವ ಹಕ್ಕು

ಮಾರ್ಚ್ ೩, ಸಂಜೆ

ಮತ್ತೆ ಅದೇ ಕೆಲಸ. ಭಾವನ ಫೋನಿನಿಂದ ಫೋಟೋ ಎಳೆದು ಕಂಪ್ಯೂಟರಿಗೆ ತುಂಬುವುದು. ಒಂದೇ ಮೋಡ, ಹತ್ತಾರು ಸಲ. ಹೊಲಿಗೆ ಅಂಗಡಿಯಲ್ಲಿ ಕತ್ತರಿ ಹಿಡಿದರೆ ಒಂದೇ ಏಟಿಗೆ ಮುಗಿಸುವ ಮನುಷ್ಯ, ಕ್ಯಾಮೆರಾ ಹಿಡಿದರೆ ಕೈ ನಿಲ್ಲುವುದಿಲ್ಲ.

ಅಂತೂ ಮುಗಿಯಿತು. ಮನೆಯವರೆಲ್ಲರ ಫೋಟೋ ಹಾಲಿನ ಕಂಪ್ಯೂಟರಿನಲ್ಲಿ, ಒಂದೇ ಕಡೆ. ಅಕ್ಕ ಅಡುಗೆಮನೆಯಿಂದ ಫೋನಿನಲ್ಲಿ ನೋಡಬಹುದು, ಭಾವ ಟಿವಿಯಲ್ಲಿ, ಅವರ ಮಗಳು ಮಹಡಿಯ ಕೋಣೆಯಿಂದ ಲ್ಯಾಪ್‌ಟಾಪಿನಲ್ಲಿ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿ ಮೋಟಾರು ರಿಪೇರಿ ಮಾಡಿಕೊಂಡಿರುವವನ ಕೆಲಸ ಇದು! ಯಾವ ಇಂಜಿನಿಯರೂ ಕಾಲಿಟ್ಟಿಲ್ಲ. ವೈಫೈ ಡಬ್ಬಿ ಇಟ್ಟು ಹೋದವನನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು. ಯಾರಿಗೆ ನೋಡುವ ಹಕ್ಕು ಮಾತ್ರ, ಯಾರಿಗೆ ಅಳಿಸುವ ಹಕ್ಕು? ನಾನು ದೊಡ್ಡ ಮನಸ್ಸಿನವನು. ಎಲ್ಲರಿಗೂ ಎಲ್ಲವೂ ಎಂದು ಒತ್ತಿದೆ.

ಮಾರ್ಚ್ ೭

ಫೋಟೋಗಳು ಕಮ್ಮಿಯಾಗುತ್ತಿವೆ. ವೈರಸ್ ಇರಬೇಕೆಂದು ಕಂಪ್ಯೂಟರನ್ನೆಲ್ಲ ಜಾಲಾಡಿದೆ. ವೈರಸ್ ಅಲ್ಲ — ಅಕ್ಕ.

"ಅದರಲ್ಲಿ ಮೂಟೆ ಥರ ಕಾಣ್ತೀನಿ ಕಣೋ. ಡಿಲೀಟ್ ಒತ್ತಿಬಿಟ್ಟೆ."

"ನೀನು ಒತ್ತಿದ್ರೆ ಎಲ್ಲರ ಹತ್ರಾನೂ ಹೋಗುತ್ತೆ ಅಕ್ಕ! ಇರೋದೇ ಒಂದು ಕಡೆ."

"ಹೋಗ್ಲಿ ಬಿಡು. ಮೂಟೆ ಎಲ್ಲರಿಗೂ ಯಾಕೆ ಕಾಣ್ಬೇಕು?"

ಭಾವನೂ ಸಾಚಾ ಅಲ್ಲ. ತಲೆ ಬೋಳಾದ ಮೇಲಿನದೆಲ್ಲ ಮಾಯ. ನಾನು ಬಾಯಿ ಬಿಟ್ಟು ನಿದ್ದೆ ಹೊಡೆಯುವ ಫೋಟೋಗಳನ್ನು ಮಾತ್ರ ಯಾರೂ ಮುಟ್ಟಿಲ್ಲ. ಹೊಟ್ಟೆಕಿಚ್ಚು.

ಮಾರ್ಚ್ ೮

ಕಂಪ್ಯೂಟರಿನ ಕಸದ ಬುಟ್ಟಿ ತೆರೆದು ನೋಡಿದೆ. ಅಳಿಸಿದ್ದು ಅಲ್ಲಿ ಒಂದು ತಿಂಗಳು ಬಿದ್ದಿದ್ದು, ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಮೂಟೆ, ಬೋಳು, ಎಲ್ಲ ಇದ್ದವು. ನಗುತ್ತಲೇ ಮುಂದಿನವು ನೋಡಿದೆ... ನಗು ನಿಂತಿತು.

ಮಿಕ್ಕಿದ್ದೆಲ್ಲ ಮೆಣಸಿನಕಾಯಿಯದು. ಅಕ್ಕನ ಮಗಳು, ಮಾತಿನ ಖಾರಕ್ಕೆ ನಾನೇ ಇಟ್ಟ ಹೆಸರು. ಹೋದ ವರ್ಷ ಅವಳ ಕಣ್ಣಿನ ಪಕ್ಕ ಒಂದು ಬಿಳಿ ಮಚ್ಚೆ ಬಂತು. ಆಮೇಲೆ ತುಟಿಯ ಅಂಚಿಗೆ, ಕತ್ತಿಗೆ. ತೊನ್ನು. ಅಂಟುವುದಿಲ್ಲ, ಹೆದರಬೇಡಿ ಎಂದರು ಡಾಕ್ಟರು. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.

ಮಚ್ಚೆ ಬಂದ ಮೇಲಿನ ತನ್ನ ಫೋಟೋ ಒಂದನ್ನೂ ಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ದಿನದ್ದೂ. ನಾವು ನಾಲ್ವರೂ ಒಟ್ಟಿಗೆ ನಿಂತದ್ದೂ. ವರ್ಷಪೂರ್ತಿ ಈ ಮನೆಯಲ್ಲಿ ಅವಳು ಇರಲೇ ಇಲ್ಲ ಎನ್ನುವ ಹಾಗೆ.

ಮಾರ್ಚ್ ೯

ವಾಪಸ್ ತರುವುದು ನನಗೆ ಎರಡು ಕ್ಲಿಕ್ಕಿನ ಕೆಲಸ. ಪೆನ್‌ಡ್ರೈವಿಗೆ ಗುಟ್ಟಾಗಿ ಇಳಿಸಿಕೊಂಡರೂ ಯಾರಿಗೂ ತಿಳಿಯದು. ಚುಚ್ಚಿದೆ. ಹಾಗೇ ಕಿತ್ತೆ. ಮುಖ ಅವಳದು. ಕದ್ದಿಟ್ಟುಕೊಳ್ಳಲು ನಾನು ಯಾರು...

ಬುದ್ಧಿ ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಬೇರೇನಾದರೂ ಹೂಡಬೇಕು. ಇಷ್ಟು ದೊಡ್ಡ ತಲೆ ಸುಮ್ಮನೆ ಹೊತ್ತಿದ್ದೇನೆಯೇ?

ಮಾರ್ಚ್ ೧೦, ಬೆಳಿಗ್ಗೆ

ಎಲ್ಲರ ಅಳಿಸುವ ಹಕ್ಕು ಕಿತ್ತುಕೊಂಡೆ. ನನ್ನದೂ. ಪಾಸ್‌ವರ್ಡ್ ಅವಳ ಕೈಗೆ.

"ಇನ್ಮೇಲೆ ನೀನೇ ಯಜಮಾನಿ. ಯಾರ ಫೋಟೋ ಹೋಗ್ಬೇಕಾದ್ರೂ ನಿನ್ನನ್ನ ಕೇಳ್ಬೇಕು."

"ನಂಗ್ಯಾಕೆ ಮಾವ ಈ ತಲೆನೋವು? ನಿಮಗೆ ಬರಲ್ವಾ?"

"ನಂಗೆ ಬರದೇ ಇರೋದು ಏನಿದೆ? ಬಿಡುವಿಲ್ಲ ಅಷ್ಟೆ."

"ಸೋಫಾ ಮೇಲೆ ಉರುಳೋಕೆ ಬಿಡುವಿದೆ."

ಖಾರ ಕಮ್ಮಿಯಾಗಿಲ್ಲ. ಸಮಾಧಾನ.

ಮಾರ್ಚ್ ೨೩

ಬರೆಯಲು ಪುರುಸೊತ್ತಿಲ್ಲ. ಮನೆ ಕೋರ್ಟಾಗಿದೆ. ಮೆಣಸಿನಕಾಯಿ ತನ್ನ ಅಪ್ಪ ಅಮ್ಮ ಅಳಿಸಿದ್ದನ್ನೆಲ್ಲ ಮೊದಲ ದಿನವೇ ವಾಪಸ್ ಹಾಕಿದಳು — ತನ್ನದು ಬಿಟ್ಟು. ಊಟದ ಮೇಜಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು, ಎದುರಿಗೆ ಅರ್ಜಿದಾರರು. ಭಾವ ಅಂಗಡಿಯಿಂದ ಬಂದವರು ಕೈಕೂಡ ತೊಳೆಯುವುದಿಲ್ಲ.

"ತಲೆ ಹೊಳೀತಿದೆ ಕಣಮ್ಮ. ತೆಗೆದುಬಿಡು."

"ಕರೆಂಟ್ ಹೋದಾಗ ಉಪಯೋಗಕ್ಕೆ ಬರುತ್ತೆ ಅಪ್ಪ. ಇರ್ಲಿ."

ಇವತ್ತು ಅಕ್ಕನ ಸರದಿ. ಹಸಿರು ಸ್ವೆಟರಿನ ಫೋಟೋ.

"ಇದೊಂದು ತೆಗಿಯೇ."

"ಅಮ್ಮ, ಎಷ್ಟು ಚೆನ್ನಾಗಿ ನಗ್ತಿದ್ದೀಯ ನೋಡು. ಮೂಟೆಗೀಟೆ ಯಾರು ನೋಡ್ತಾರೆ? ನಾನಂತೂ ತೆಗಿಯಲ್ಲ. ನಂಗೆ ಬೇಕು."

ಅಕ್ಕ ಟವೆಲಿನಲ್ಲಿ ಕೈ ಒರೆಸಿಕೊಂಡಳು. ಸುಮಾರು ಹೊತ್ತು ಒರೆಸಿಕೊಂಡಳು.

"ನಿನ್ನವು ತೆಗಿಯೋವಾಗ ನನ್ನ ಕೇಳಿದ್ಯಾ? ನಂಗೂ ಬೇಕಿತ್ತು ಕಣೆ ಅವು."

ಮೆಣಸಿನಕಾಯಿ ಲ್ಯಾಪ್‌ಟಾಪ್ ಮುಚ್ಚಿ ಮಹಡಿ ಹತ್ತಿದಳು.

ಆಟ ಹೂಡಿದವನು ನಾನು. ಅಕ್ಕ ಹೀಗೆ ನೇರವಾಗಿ ಕೇಳಿಬಿಡುತ್ತಾಳೆಂದು ಮಾತ್ರ ಹೊಳೆದಿರಲಿಲ್ಲ.

ಮಾರ್ಚ್ ೨೪

ತಿಂಡಿಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಬುಟ್ಟಿಯಲ್ಲಿ ಅವಳವು ಹಾಗೇ ಇವೆ. ಕಾಯುತ್ತೇನೆ. ಕಾಯುವುದರಲ್ಲೂ ನನ್ನನ್ನು ಮೀರಿಸುವವರಿಲ್ಲ.

ಏಪ್ರಿಲ್ ೫, ಸಂಜೆ

ಬುಟ್ಟಿ ತಾನಾಗಿಯೇ ಖಾಲಿಯಾಗುವುದು ನಾಳೆ. ಬೆಳಿಗ್ಗೆಯಿಂದ ಇಣುಕಿ ಇಣುಕಿ ಕುತ್ತಿಗೆ ಹಿಡಿದುಕೊಂಡಿದೆ.

ಈಗ ನೋಡಿದರೆ ನಾಲ್ವರ ಫೋಟೋ ವಾಪಸ್ ಬಂದಿದೆ! ಅಕ್ಕನನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿಬಂದಳು. ಪರದೆ ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು.

"ಒಂದೇನಾ?"

"ಬಂತಲ್ಲ ಅಕ್ಕ, ಒಂದು."

ಅಷ್ಟರಲ್ಲಿ ಮಹಡಿಯಿಂದ ಕೂಗು. "ಮಾವ, ಹೊಸದೊಂದು ಹಾಕ್ತಿದ್ದೀನಿ. ಈಗ ತಾನೇ ತೆಗೆದಿದ್ದು. ನಿಮ್ಮ ವೈಫೈ ತೆವಳ್ತಿದೆ. ಬಂತಾ ನೋಡಿ!"

ನನ್ನ ವೈಫೈ ತೆವಳುವುದಿಲ್ಲ. ಗೋಡೆ ದಪ್ಪ.

ಬರುತ್ತಿದೆ. ಮೇಲಿನಿಂದ ಒಂದೊಂದೇ ಪಟ್ಟಿ. ಕೂದಲು. ಹಣೆ. ಹುಬ್ಬು... ಕಣ್ಣು ನೇರ ನಮ್ಮ ಕಡೆಗೇ. ಪಕ್ಕದಲ್ಲಿ ಮಚ್ಚೆ — ಪೌಡರಿಲ್ಲ, ಕೂದಲು ಎಳೆದು ಮುಚ್ಚಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಂಡುತ್ತಿದ್ದಾಳೆ, ಅಕ್ಷರವೆಲ್ಲ ಸೊಟ್ಟ. ಮೂಗು ಬಂತು. ಇನ್ನು ತುಟಿ —