ಅಮ್ಮನ ತಲೆಕೆಳಗು ಎಲೆ

ಸೋಮವಾರ, ಹದಿನೆಂಟು

ಬಟ್ಟೆ ಕಂಪನಿ ಅಮ್ಮನಿಗೆ ಕೊಟ್ಟ ಮಾತು: ಬಟ್ಟೆಯ ಅಂಚಿನಲ್ಲಿ ಚಿತ್ರಕಾರನ ಜೊತೆ ಅವಳ ಹೆಸರು, ಅದರ ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಕುರ್ಚಿ. ಇವತ್ತೇ ಆ ದಿನ. ಹೆಸರಿಲ್ಲ. ಕುರ್ಚಿಯೂ ಇಲ್ಲ, ನಿಂತೇ ನೋಡಿದಳು.

ಐವತ್ತು ವರ್ಷದ ಹಿಂದೆ ಆ ದೊಡ್ಡ ಚಿತ್ರಕಾರ ಕಾಗದದ ಮೇಲೆ ಎಲೆ ಬರೆದ. ಅದನ್ನು ಪರದೆ ಬಟ್ಟೆಗೆ ಅಚ್ಚೊತ್ತಿದವಳು ಅಮ್ಮ. ಗಜಕ್ಕೊಂದು ಎಲೆಯನ್ನು ಬೇಕೆಂದೇ ತಲೆಕೆಳಗು ಒತ್ತುತ್ತಿದ್ದಳು. ಅದೇ ಅವಳ ರುಜು. ಬೇರೆ ರುಜು ಹಾಕಲು ಯಾವನು ಬಿಡುತ್ತಿದ್ದ? ಈಗ ಹೊಸ ಮನೆಗಳ ಸೋಫಾಗೆ ಅದೇ ಬಟ್ಟೆ ಮತ್ತೆ ಬೇಕಂತೆ. ಕಂಪನಿಯವರು ಹಳೇ ತುಂಡು ಹಿಡಿದು ಮನೆಗೆ ಬಂದಾಗ "ಎಲ್ಲ ತೋರಿಸಮ್ಮ" ಅಂದವಳು ನಾನೇ. ತನ್ನ ತಲೆಕೆಳಗು ಎಲೆಗಳನ್ನೂ ಹೆಮ್ಮೆಯಿಂದ ಬೆರಳಿಟ್ಟು ತೋರಿಸಿದ್ದಳು.

ಇವತ್ತು ಸೋಫಾದ ಬಟ್ಟೆ ಸವರಿ ಸವರಿ ಹುಡುಕಿದಳು. ತಲೆಕೆಳಗಿನದು ಒಂದೂ ಸಿಗಲಿಲ್ಲ.

ಮ್ಯಾನೇಜರ್ ನಗುತ್ತ ಬಂದ. "ಅಜ್ಜಿ, ಆ ತಪ್ಪನ್ನ ನೀವು ತೋರಿಸದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಎಲ್ಲ ತೆಗೆಸಿಬಿಟ್ವಿ."

ಅವನ ನಗುವಿಗಿಷ್ಟು ಬೆಂಕಿ ಹಾಕ.

ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ: ಬಟ್ಟೆಗೆ ಅಚ್ಚೊತ್ತುವವರ ಸಂಘದವರನ್ನೆಲ್ಲ ಕರೆದು ಕಂಪನಿಯ ಅಂಗಡಿ ಬಾಗಿಲಲ್ಲಿ ಧರಣಿ ಕೂರೋಣ, ನೀನೂ ಬಾ.

"ಬಂದು ಏನು ತೋರಿಸ್ಲಿ? ನಿನ್ನ ಮಾತು ಕೇಳಿ ತೋರಿಸಿದ್ದು ಸಾಕು," ಅಂದಳು. ಆಮೇಲೆ ಮನೆ ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಅವಳು ಬರಲಿ, ಬಿಡಲಿ. ಅಚ್ಚಿನವರ ಸಂಘದ ಸಭೆ ಗುರುವಾರ, ಸಂಜೆ ಆರಕ್ಕೆ.